ಬಿಳಿ ಮರಳು ಹೋಯ್ತು, ನೀಲಿ ವಾಪಸ್ ಬಂತು

ನನ್ನ ನಾಲ್ಕಡಿ ಮೀನಿನ ತೊಟ್ಟಿಗೆ ಮೊದಲು ಹಾಕಿದ್ದು ಹಾಲಿನಂಥ ಬಿಳಿ ಮರಳು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಅಲ್ವಾ? ಎರಡೇ ವಾರಕ್ಕೆ ನನ್ನ ಗಂಡು ಪೀಕಾಕ್ ಸಿಕ್ಲಿಡ್ ಎಂಬ ನೀಲಿ ಮೀನು ಒಗೆದೊಗೆದು ಬಣ್ಣ ಹೋದ ಅಂಗಿಯ ಹಾಗಾಯಿತು. ಕಾಯಿಲೆ ಅಂದುಕೊಂಡು ಸುಮ್ನೆ ನೀರು ಬದಲಿಸಿದ್ದೇ ಬದಲಿಸಿದ್ದು.

ಕಾಯಿಲೆ ಏನೂ ಇರಲಿಲ್ಲ. ಮೀನಿನ ಚರ್ಮದ ಕೋಶಗಳಲ್ಲಿ ಕಪ್ಪು ಬಣ್ಣದ ಕಣಗಳಿರುತ್ತವೆ. ತಳ ಬೆಳ್ಳಗಿದ್ದರೆ ಅವು ಕೋಶದ ನಡುವೆ ಮುದುಡಿಕೊಳ್ಳುತ್ತವೆ, ಮೀನು ಮಂಕಾಗುತ್ತದೆ. ತಳ ಕಪ್ಪಾದರೆ ಹರಡಿಕೊಳ್ಳುತ್ತವೆ.

ಸರಿ, ಪೂರ್ತಿ ಕಪ್ಪು ಮರಳು ಹಾಕಿದೆ. ನೀಲಿ ಗಾಢವಾಯಿತು. ಆದರೆ ಜೊತೆಗಿದ್ದ ಲ್ಯಾಬಿಡೊಕ್ರೋಮಿಸ್ ಎಂಬ ಹಳದಿ ಮೀನುಗಳ ಮುಖಕ್ಕೆ ಮಸಿ ಬಳಿದಂತಾಯಿತು! ಕೊನೆಗೆ ತಿಳಿಕಂದು ಮರಳಿಗೆ ಬಂದು ನಿಂತೆ. ನುಣ್ಣನೆಯದು. ಈಗ ಮೀನುಗಳು ಬಾಯಿ ತುಂಬ ಮರಳು ಎತ್ತಿ ಜರಡಿ ಹಿಡಿಯುತ್ತವೆ, ಕಿವಿರಿನಿಂದ ಕಾಳುಕಾಳಾಗಿ ಉದುರುತ್ತದೆ. ನೋಡ್ತಾ ಕೂತರೆ ಕಾಫಿ ಆರಿಹೋಗುತ್ತದೆ.

ಬೆಳಕಿನಲ್ಲೂ ಎಡವಿದ್ದೆ. ಬರೀ ನೀಲಿ ಎಲ್‌ಇಡಿ ಹಾಕಿದರೆ ಎಲ್ಲವೂ ನೀಲಿಯೇ, ಹೀಟರ್ ವೈರ್ ಕೂಡ. ಈಗ ಹಗಲ ಬೆಳಕಿನಂಥ 6500 ಕೆಲ್ವಿನ್ ಬಿಳಿ ದೀಪ, ಜೊತೆಗೆ ಚೂರು ನೀಲಿ, ದಿನಕ್ಕೆ 8 ಗಂಟೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ಕಲ್ಲೆಲ್ಲ ಪಾಚಿ. ಆದರೆ ನಿಜವಾದ ಬದಲಾವಣೆ ತಂದದ್ದು ದೀಪವನ್ನು ಹಿಂದಿನಿಂದ ಮುಂದಿನ ಗಾಜಿನ ಕಡೆಗೆ ಸರಿಸಿದ್ದು. ಪೀಕಾಕ್‌ನ ನೀಲಿ ಬೆಳಕಿನ ಪ್ರತಿಫಲನದಿಂದ ಬರುವ ಬಣ್ಣ. ಬೆಳಕು ನಮ್ಮ ಕಡೆಯಿಂದ ಬಿದ್ದರೇ ಅದು ಹೊಳೆಯುವುದು. ಖರ್ಚಿಲ್ಲದ ಈ ಕೆಲಸ ಹೊಳೆಯಲು ನನಗೆ ಒಂದು ವರ್ಷ ಬೇಕಾಯಿತು.