ಲೂಯಿಯನ್ನು ಬಿಟ್ಟು ಓಡಿದ ಭಾನುವಾರ

'ಫೈರ್ ಎಂಬ್ಲೆಮ್ ಎಂಗೇಜ್' ಗೇಮಿನ ಕಥೆ ಚೆನ್ನಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಪರ ಮಾತಾಡಲು ಬಾಯಿ ತೆರೆದರೆ ಎದುರಿನವರು ಎತ್ತುವ ಮೊದಲ ಮಾತೇ ಅದು. ಸಾವಿರ ವರ್ಷ ಮಲಗಿದ್ದ ದಿವ್ಯ ಡ್ರ್ಯಾಗನ್ ಎದ್ದು, 12 ಉಂಗುರ ಒಟ್ಟುಮಾಡಿ, ಸೋಂಬ್ರಾನ್ ಅನ್ನೋ ದುಷ್ಟ ಡ್ರ್ಯಾಗನ್‌ನನ್ನು ಸೋಲಿಸಬೇಕು. ಅಷ್ಟೇ. ಉಂಗುರಗಳೊಳಗೆ ಹಳೇ ಫೈರ್ ಎಂಬ್ಲೆಮ್ ಗೇಮುಗಳ ನಾಯಕರು ಇರುತ್ತಾರೆ, 1990ರ ಮೊದಲ ಗೇಮಿನ ಮಾರ್ಥ್‌ನಿಂದ ಹಿಡಿದು.

ಇದು ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಯಂತ್ರಕ್ಕೆ ಬಂದಿದ್ದು 2023ರ ಜನವರಿಯಲ್ಲಿ. ನಾನು ಆಗಲೇ ಆಡಿ ಮುಗಿಸಿದ್ದೆ. ಅಕ್ಕನ ಮಗ ಮಾತ್ರ ಹತ್ತಿರ ಸುಳಿದಿರಲಿಲ್ಲ. ಅವನು ಇದೇ ಸರಣಿಯ 2019ರ ಗೇಮು 'ತ್ರೀ ಹೌಸಸ್' ಪಕ್ಷದವನು. ಅದರಲ್ಲಿ ಕಥೆಯೇ ಕಥೆ: ಒಂದೇ ಶಾಲೆಯಲ್ಲಿ ಓದಿದ ಮಕ್ಕಳು ದೊಡ್ಡವರಾಗಿ ಯುದ್ಧದಲ್ಲಿ ಎದುರುಬದುರು ನಿಲ್ಲುತ್ತಾರೆ, ನೀವು ಪಾಠ ಹೇಳಿಕೊಟ್ಟವರನ್ನು ನೀವೇ ಕೊಲ್ಲಬೇಕಾಗುತ್ತದೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಯುದ್ಧ? ಅರ್ಧ ದಾರಿಯಾದ ಮೇಲೆ ಕಣ್ಣುಮುಚ್ಚಿ ಆಡಬಹುದು.

ಅವನು ಮುಂಬೈನ ಭಾಂಡುಪ್‌ನಲ್ಲಿ ರೂಮ್ ಮಾಡಿಕೊಂಡಿದ್ದಾನೆ. ಭಾನುವಾರ ಡೊಂಬಿವಲಿಗೆ ನಮ್ಮ ಮನೆಗೆ ಊಟಕ್ಕೆ ಬರುವುದು, ಬಂದಾಗ ನನ್ನ ಸ್ವಿಚ್ ಹಿಡಿದು ಕೂರುವುದು. ನನ್ನ ಒತ್ತಾಯಕ್ಕೆ ಎಂಗೇಜ್ ಶುರು ಮಾಡಿದ್ದ, ಪ್ರತಿ ಅಧ್ಯಾಯಕ್ಕೂ ಗೊಣಗುತ್ತಾ. ಜುಲೈಯ ಆ ಭಾನುವಾರ ಮಳೆ, ಅದರ ಮೇಲೆ ಮಾಟುಂಗಾ–ಮುಲುಂಡ್ ನಡುವೆ ಮೆಗಾ ಬ್ಲಾಕ್, ಅಂದರೆ ರೈಲು ಹಳಿ ದುರಸ್ತಿ. ಗಾಡಿಗಳೆಲ್ಲ ತಡ, ಇರುವ ಗಾಡಿಯಲ್ಲಿ ಕಾಲಿಡಲಾಗದಷ್ಟು ಗರ್ದಿ. "ಸಂಜೆ ತನಕ ಎಲ್ಲಿಗೂ ಹೋಗ್ಬೇಡ, ಸುಮ್ನೆ ಇಲ್ಲೇ ಇರು" ಅಂದರು ಅಮ್ಮ. ಅವನಿಗೂ ಅದೇ ಬೇಕಿತ್ತು.

ಟಿವಿಗೆ ಹಾಕಿ ಆಡುತ್ತಿದ್ದ. ಅಮ್ಮ ಬೀನ್ಸ್ ಸೋಸುತ್ತಾ ಪಕ್ಕದಲ್ಲೇ ಕೂತಿದ್ದರು. ನಾಯಕಿ ಅಲಿಯರ್ ತೆರೆ ಮೇಲೆ ಬಂದಳು. ಅವಳ ಕೂದಲು ಅರ್ಧ ಕೆಂಪು, ಅರ್ಧ ನೀಲಿ. ಬೈತಲೆ ತೆಗೆದ ಹಾಗೆ ಸರಿಯಾಗಿ ನಡುವೆ ಗೆರೆ.

"ಅದೇನೋ ಅವಳ ತಲೆ ಹಾಗೆ?"

"ಗೊತ್ತಿಲ್ಲ ಅಜ್ಜಿ, ಸ್ಟೈಲ್ ಇರ್ಬೇಕು."

"ಸ್ಟೈಲ್ ಅಲ್ಲ. ಒಂದು ಕಡೆ ಅಪ್ಪಂದು, ಒಂದು ಕಡೆ ಅಮ್ಮಂದು. ಅಪ್ಪ ಯಾರೋ ಕೆಟ್ಟವನೇ ಇರ್ಬೇಕು, ನೋಡು."

ನಾನು ಬಾಯಿ ಬಿಡಲಿಲ್ಲ. ಇನ್ನೂ ಆಡದೇ ಇದ್ದವರು ಈ ಪ್ಯಾರಾ ಬಿಟ್ಟು ಮುಂದೆ ಓದಿ, ಯಾಕೆಂದರೆ ಗೇಮು ಅಷ್ಟು ಹೊತ್ತು ಮುಚ್ಚಿಟ್ಟು ಆಮೇಲೆ ಬಿಚ್ಚುವ ದೊಡ್ಡ ಗುಟ್ಟು ಹೆಚ್ಚುಕಡಿಮೆ ಇದೇ: ಅವಳು ಸೋಂಬ್ರಾನ್‌ನ ಮಗಳು, ನೀಲಿ ಬಣ್ಣ ಸಾಕುತಾಯಿ ಲುಮೆರಾ ಕೊಟ್ಟ ಶಕ್ತಿಯಿಂದ ಬಂದದ್ದು. ಬೀನ್ಸ್ ಸೋಸುತ್ತಾ ಕೂತವರಿಗೆ ಒಂದೇ ನೋಟಕ್ಕೆ ಹೊಳೆಯುವ ಗುಟ್ಟನ್ನು ಗುಟ್ಟು ಅನ್ನಲಾಗುತ್ತದಾ? ಲುಮೆರಾಳನ್ನಂತೂ ಮೂರನೇ ಅಧ್ಯಾಯದಲ್ಲೇ ಸಾಯಿಸುತ್ತಾರೆ. ನಮಗೆ ಅವಳ ಪರಿಚಯವೇ ಆಗಿರುವುದಿಲ್ಲ, ಆದರೂ ಅಳು ಮುಗಿಯುವುದಿಲ್ಲ.

ಹಳೇ ಕಥೆ ಆದರೇನು, ಮಳೆಗಾಲದಲ್ಲಿ ಊರಿನ ಮೇಳದವರು ಮುಂಬೈಗೆ ಬಂದು ಯಕ್ಷಗಾನ ಆಡಿದರೆ ಪ್ರಸಂಗ ಗೊತ್ತಿಲ್ಲ ಅಂತ ಯಾರಾದರೂ ಹೋಗಿ ಕೂರುತ್ತಾರಾ, ಎಲ್ಲರೂ ಹೋಗುವುದು ಚೆಂಡೆ, ಕುಣಿತ, ಮಾತಿಗೆ ತಾನೇ ಅಂತ ವಾದ ಹೂಡಿದೆ. ಅವನು ತಲೆ ಎತ್ತದೆ ಹೇಳಿದ: "ಮಾಮ, ಮಾತಿಗೆ ಅಂತ ನೀವೇ ಹೇಳ್ತಿದ್ದೀರಿ. ಇಲ್ಲಿ ಮಾತೇ ಕೆಟ್ಟದಾಗಿದೆಯಲ್ಲ." ಅದಕ್ಕೆ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕಥೆ ಸವೆದದ್ದು ಅನ್ನುವುದಕ್ಕಿಂತ ಇವರ ಮಾತು ಸಪ್ಪೆ ಅನ್ನುವುದೇ ಸರಿ. ಸಿಕ್ಕಸಿಕ್ಕವರೆಲ್ಲ 'ದಿವ್ಯಳೇ, ದಿವ್ಯಳೇ' ಅಂತ ಅಲಿಯರ್ ಕಾಲಿಗೆ ಬೀಳುತ್ತಾರೆ. ಇಬ್ಬರು ಸೇವಕರು ಅವಳಿಗೊಂದು ಅಭಿಮಾನಿ ಸಂಘವನ್ನೇ ಕಟ್ಟಿಕೊಂಡಿರುತ್ತಾರೆ!

ಹಾಗಿದ್ದರೆ ಯಾಕೆ ಆಡಬೇಕು? ಒಂದು ಕಾಳಗ ನೋಡಿ. ಚದುರಂಗದ ಹಾಗೆ ಚೌಕದ ಮನೆಗಳ ಮೇಲೆ ನಮ್ಮವರನ್ನು ನಡೆಸಿ ಆಡುವುದು. ಕತ್ತಿ ಕೊಡಲಿಯನ್ನು ಮೀರುತ್ತದೆ, ಕೊಡಲಿ ಈಟಿಯನ್ನು, ಈಟಿ ಕತ್ತಿಯನ್ನು. ಇದು ಈ ಸರಣಿಯ ಹಳೇ ನಿಯಮ. ತ್ರೀ ಹೌಸಸ್‌ನಲ್ಲಿ ಕೈಬಿಟ್ಟಿದ್ದರು, ಇಲ್ಲಿ ವಾಪಸ್ ತಂದು ಅದಕ್ಕೆ 'ಬ್ರೇಕ್' ಸೇರಿಸಿದರು. ಕತ್ತಿ ಹಿಡಿದವನಿಗೆ ಈಟಿಯಿಂದ ಹೊಡೆದರೆ ಅವನ ಕೈಯಿಂದ ಕತ್ತಿ ಬೀಳುತ್ತದೆ. ಮುಂದೆ ಹೊಡೆಯುವವನಿಗೆ ಅವನು ತಿರುಗಿ ಹೊಡೆಯಲಾರ. ಅಂದರೆ ಮೈ ಗಟ್ಟಿ ಇರುವವನು ಮೊದಲು ಹೋಗಿ ಕತ್ತಿ ಬೀಳಿಸಬೇಕು, ಆಮೇಲೆ ಒಂದೇ ಏಟಿಗೆ ಸಾಯುವಂಥ ಸಣಕಲ ನಮ್ಮವನು ಧೈರ್ಯವಾಗಿ ಮುಗಿಸಬಹುದು. ಯಾರು ಮೊದಲು, ಯಾರು ಆಮೇಲೆ, ಯಾವ ಮನೆಯಲ್ಲಿ ನಿಂತು ಅಂತ ಲೆಕ್ಕ ಹಾಕುವುದರಲ್ಲೇ ಹೊತ್ತು ಹೋಗುತ್ತದೆ. ಶತ್ರುವೂ ನಮ್ಮ ಕೈಯಿಂದ ಆಯುಧ ಬೀಳಿಸಬಲ್ಲ, ಅದನ್ನು ಮರೆಯುವ ಹಾಗಿಲ್ಲ. ಭಾರಿ ಕವಚದವರಿಗೆ ಮಾತ್ರ ಬ್ರೇಕ್ ತಟ್ಟಲ್ಲ. ಅದಕ್ಕೇ ಅಕ್ಕನ ಮಗನಿಗೆ ಲೂಯಿ ಅನ್ನೋ ಯೋಧ ಅಂದರೆ ಪ್ರಾಣ. ಉಕ್ಕಿನ ಕವಚ, ಉದ್ದ ಈಟಿ. ಬಾಗಿಲಲ್ಲಿ ನಿಲ್ಲಿಸಿದರೆ ಕೊಡಲಿಯವರು ಎಷ್ಟು ಬಡಿದರೂ ಕದಲಲ್ಲ.

ಹತ್ತನೇ ಅಧ್ಯಾಯ ಮುಗಿಯುವಾಗ ಅವನು ಸ್ಕಿಪ್ ಒತ್ತಲು ಹೊರಟ. ಬೇಡ ಅಂದೆ. ದೃಶ್ಯ ಎಂದಿನಂತೆ ಸಾಧಾರಣ, ಆದರೆ ಅದರಲ್ಲಿ ನಡೆಯುವುದು ಸಾಧಾರಣ ಅಲ್ಲ: ಕೂಡಿಸಿಟ್ಟ ಉಂಗುರಗಳೆಲ್ಲ ಶತ್ರುವಿನ ಕೈ ಸೇರುತ್ತವೆ. ತಪ್ಪು ಹೆಜ್ಜೆ ಇಟ್ಟರೆ ಹಿಂದಕ್ಕೆ ತಿರುಗಿಸುವ ಕಾಲದ ಹರಳೂ ಹೋಗುತ್ತದೆ. ಹನ್ನೊಂದನೇ ಅಧ್ಯಾಯದ ಗುರಿ ಗೆಲ್ಲುವುದಲ್ಲ, ತಪ್ಪಿಸಿಕೊಂಡು ಓಡುವುದು. ಐವಿ ಅನ್ನೋ ರಾಜಕುಮಾರಿ ಪಕ್ಷ ಬದಲಿಸಿ ಬಂದು ಎರಡು ಉಂಗುರ ಕೊಡುತ್ತಾಳೆ, ಲಿನ್ ಮತ್ತು ಲುಸಿನಾ. ಅಷ್ಟೇ ಆಸರೆ.

ಅವನ ಗೊಣಗಾಟ ನಿಂತಿತು. ಸೋಫಾ ಬಿಟ್ಟು ನೆಲಕ್ಕೆ ಬಂದು ಟಿವಿ ಹತ್ತಿರ ಕೂತ. ಅಲ್ಲಿಯವರೆಗೆ ಸಿಗುರ್ಡ್‌ನ ಉಂಗುರ ಹಾಕಿ ಕುದುರೆಯವನನ್ನು ಸಾಲು ಶತ್ರುಗಳ ನಡುವೆ ನುಗ್ಗಿಸುತ್ತಿದ್ದವನು, ಈಗ ಒಂದೊಂದು ಮನೆಗೂ ಯೋಚಿಸುತ್ತಿದ್ದ. ಲಿನ್ ಜೊತೆ ಸೇರಿದವರು ತಮ್ಮದೇ ನಾಲ್ಕು ಮಾಯಾರೂಪ ಎಬ್ಬಿಸಬಹುದು. ಅವುಗಳನ್ನು ಹಿಂದೆ ಬಿಟ್ಟು ಶತ್ರುಗಳಿಗೆ ಆಸೆ ತೋರಿಸಿ, ಉಳಿದವರನ್ನು ಓಡಿಸಿದ. ಚಾ ಆರಿತು. ಎಲ್ಲರೂ ಮುಂದೆ ಹೋದರು, ಲೂಯಿ ಹೋಗಲಿಲ್ಲ. ಕವಚ ಹೊತ್ತವನು ಕುದುರೆಯವರ ಜೊತೆ ಎಲ್ಲಿ ಓಡುತ್ತಾನೆ?

"ಅವನನ್ನ ಅಲ್ಲೇ ನಿಲ್ಲಿಸ್ತೀನಿ ಮಾಮ. ಮಿಕ್ಕವರು ದಾಟಲಿ."

"ಮಂತ್ರ ಹಾಕೋರು ಬರ್ತಿದ್ದಾರೆ. ಕವಚ ಮಂತ್ರಕ್ಕೆ ಆಗಲ್ಲ."

"ಗೊತ್ತು."

ಕ್ಲಾಸಿಕ್ ಮೋಡ್. ಬಿದ್ದವನು ಮತ್ತೆ ಯುದ್ಧಕ್ಕಿಲ್ಲ. ಮೊದಲ ಮಂತ್ರಕ್ಕೆ ಅರ್ಧ ಜೀವ ಹೋಯಿತು, ಎರಡನೆಯದಕ್ಕೆ ಉಳಿದದ್ದು. ಅಷ್ಟರಲ್ಲಿ ಅಲಿಯರ್ ದಾರಿಯ ಕೊನೆ ಮುಟ್ಟಿದ್ದಳು. ಮೊದಲಿಂದ ಆಡು, ಲೂಯಿಯನ್ನು ಉಳಿಸಬಹುದು ಅಂದೆ. ಒಪ್ಪಲಿಲ್ಲ.

ಆ ಸಾವನ್ನು ಯಾರೂ ಬರೆದದ್ದಲ್ಲ. ಅವನ ಕಾಲು ನಿಧಾನ, ಕವಚ ಮಂತ್ರಕ್ಕೆ ಸೋರುತ್ತದೆ, ಬಾಗಿಲು ಕಿರಿದು, ಹಿಂದಕ್ಕೆ ತಿರುಗಿಸಲು ಹರಳಿಲ್ಲ. ಈ ಗೇಮಿನಲ್ಲಿ ನಾನು ಕಂಡ ಒಳ್ಳೇ ಕಥೆಯೆಲ್ಲ ಹೀಗೆ ಮನೆಗಳ ಮೇಲೇ ಹುಟ್ಟಿದ್ದು. ಅದರ ಬರಹಗಾರರಿಗೆ ಇದು ಗೊತ್ತೇ ಇಲ್ಲವೇನೋ, ಮುಂದಿನ ದೃಶ್ಯದಲ್ಲಿ ಲೂಯಿಯ ಸುದ್ದಿ ಯಾರೂ ಎತ್ತಲಿಲ್ಲ. ಅದಕ್ಕೆ ಅವನಿಗೆ ನಿಜಕ್ಕೂ ಸಿಟ್ಟು ಬಂತು. "ತ್ರೀ ಹೌಸಸ್ ಆಗಿದ್ರೆ ಒಬ್ಬರಾದ್ರೂ ಅಳ್ತಿದ್ರು" ಅಂದ. ತ್ರೀ ಹೌಸಸ್‌ನಲ್ಲಿ ನೀನು ಯಾರನ್ನಾದರೂ ಹೀಗೆ ಕಳೆದುಕೊಂಡಿದ್ದೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಇಲ್ಲ ಅಂದ.

ಆದರೂ ಕಾಳಗ ಕಥೆಯನ್ನು ಪೂರ್ತಿ ಮುಚ್ಚಿಹಾಕುತ್ತದೆ ಅಂತ ಹೇಳಲಾರೆ. ಮುಂದೆ ಖಳರ ಗುಂಪಿನವರು ಒಬ್ಬೊಬ್ಬರಾಗಿ ಸಾಯುವಾಗ, ಅಲ್ಲಿಯವರೆಗೆ ಊರು ಸುಟ್ಟವರಿಗೆ ದಿಢೀರನೆ ಕಣ್ಣೀರಿನ ಹಿನ್ನೆಲೆ ತುರುಕುತ್ತಾರೆ. ಎಂಥಾ ಒಳ್ಳೇ ಯುದ್ಧ ಮುಗಿಸಿ ಬಂದರೂ ಆ ದೃಶ್ಯ ನೋಡಿದರೆ ಬಾಯಿ ರುಚಿ ಕೆಡುತ್ತದೆ. ನನ್ನ ತಕ್ಕಡಿಯಲ್ಲಿ ಕಾಳಗದ ತಟ್ಟೆ ಕೆಳಗಿದೆ, ಅವನದರಲ್ಲಿ ಇನ್ನೂ ತೂಗಾಡುತ್ತಿದೆ.

ಸಂಜೆ ಬ್ಲಾಕ್ ಮುಗಿಯಿತು. ಸ್ಟೇಷನ್‌ಗೆ ಹೊರಡುವಾಗ ಸ್ವಿಚ್ ತಗೊಂಡು ಹೋಗಲಾ ಮಾಮ ಅಂತ ಕೇಳಿದ. ಕೊಟ್ಟೆ. ದೃಶ್ಯಗಳನ್ನೆಲ್ಲ ನೋಡ್ತೀಯಾ ಅಂದದ್ದಕ್ಕೆ, "ನೋಡದೆ? ಬೈಯೋಕಾದ್ರೂ ನೋಡ್ಬೇಕಲ್ವಾ" ಅಂದ.