ಲೆಕ್ಕದಲ್ಲಿ ಫೇಲು, ಪೈಪಿನಲ್ಲಿ ಪಾಸು

ನನ್ನ ಹಳೇ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ ‘ಇಸಿಆರ್’ ಅಂತ ಮೂರಕ್ಷರ ಇತ್ತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಬೀಳುವ ಗುರುತು ಅದು. ಸೌದಿ, ಕುವೈತ್, ಕತಾರ್ ಸೇರಿ 18 ದೇಶಗಳಿಗೆ ದುಡಿಯಲು ಹೊರಟರೆ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು ಎನ್ನುವುದಷ್ಟೇ ಅದರ ಅರ್ಥ. ನಾನು ಓದಿಕೊಳ್ಳುತ್ತಿದ್ದದ್ದು ಬೇರೆ: ‘ಈ ಹುಡುಗ ಲೆಕ್ಕದಲ್ಲಿ ಫೇಲು.’ ಮೂರು ಸಲ ಕಟ್ಟಿದರೂ ಗಣಿತ ನನ್ನನ್ನು ದಾಟಿಸಲಿಲ್ಲ.

ಐಟಿಐಯಲ್ಲಿ ವೆಲ್ಡರ್ ಟ್ರೇಡಿಗೆ ಎಂಟನೇ ಪಾಸಾಗಿದ್ದರೆ ಸಾಕಿತ್ತು. ಒಂದು ವರ್ಷದ ಕೋರ್ಸು. ಮುಗಿಸಿ ಮಂಗಳೂರಿನ ಬೈಕಂಪಾಡಿಯ ವರ್ಕ್‌ಶಾಪುಗಳಲ್ಲಿ ಗೇಟು, ಗ್ರಿಲ್ಲಿನಿಂದ ಶುರು ಮಾಡಿ ಪೈಪ್ ವೆಲ್ಡಿಂಗ್‌ವರೆಗೆ ಬಂದೆ. 2019ರಲ್ಲಿ ಸೌದಿಯ ಒಂದು ಕಂಪನಿಗೆ ಪೈಪ್ ವೆಲ್ಡರುಗಳು ಬೇಕು, ಮುಂಬೈಯಲ್ಲಿ ಟ್ರೇಡ್ ಟೆಸ್ಟು ಎಂದು ಗೊತ್ತಾಯಿತು. ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿದೆ. ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ ಮಾವನ ಖೋಲಿಯಲ್ಲಿ ನಾಲ್ಕು ಜನರ ನಡುವೆ ಐದನೆಯವನಾಗಿ ಮಲಗಿದೆ.

ಟೆಸ್ಟು ನವಿ ಮುಂಬೈಯ ಒಂದು ಶೆಡ್ಡಿನಲ್ಲಿ. ಬೆಳಿಗ್ಗೆ ಏಳಕ್ಕೇ ಅರುವತ್ತು ಜನ. ಬಿಹಾರದವರು, ಒಡಿಶಾದವರು, ತಮಿಳರು. ಪಕ್ಕದಲ್ಲಿದ್ದವನ ಕೈಯಲ್ಲಿ ಡಿಪ್ಲೊಮಾ ಫೈಲಿತ್ತು. ನನ್ನ ಚೀಲದಲ್ಲಿ ಹೆಲ್ಮೆಟ್ಟು, ಕೈಗವಸು, ಮತ್ತೆ ಅಮ್ಮ ಕೊಟ್ಟ ಕೊಟ್ಟೆ ಕಡುಬು.

ಕೊಟ್ಟದ್ದು ಸಿಕ್ಸ್ ಜಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಪೈಪನ್ನು 45 ಡಿಗ್ರಿ ಓರೆಯಾಗಿ ಸ್ಟ್ಯಾಂಡಿಗೆ ಕಟ್ಟಿಬಿಡುತ್ತಾರೆ, ತಿರುಗಿಸುವ ಹಾಗಿಲ್ಲ. ಸುತ್ತ ತಿರುಗಬೇಕಾದವರು ನಾವೇ. ಮಂಡಿಯೂರಿ ತಲೆ ಮೇಲೆತ್ತಿ ತಳದಿಂದ ಶುರು ಮಾಡಿ, ನಿಂತು, ಬಗ್ಗಿ ನೆತ್ತಿಯಲ್ಲಿ ಮುಗಿಸಬೇಕು. ನಾನು ಫಿಲ್ಲರ್ ತಂತಿಯನ್ನೇ ಮಡಚಿ ಎರಡು ಪೈಪುಗಳ ನಡುವೆ ಸಿಗಿಸಿ ಗ್ಯಾಪ್ ನೋಡಿಕೊಂಡೆ, ನಾಲ್ಕು ಕಡೆ ಟ್ಯಾಕ್, ಅಂದರೆ ಹಿಡಿದಿಡುವ ಚುಕ್ಕೆ ಬೆಸುಗೆ, ಹೊಡೆದೆ. ಟಿಗ್‌ನಲ್ಲಿ, ಅಂದರೆ ಆರ್ಗಾನ್ ಅನಿಲ ಬಿಟ್ಟುಕೊಂಡು ಮಾಡುವ ವೆಲ್ಡಿಂಗಿನಲ್ಲಿ, ರೂಟ್ ಎನ್ನುವ ಮೊದಲ ಒಳಪದರ ಎಳೆಯಲು ಶುರು ಮಾಡಿದವನಿಗೆ ಬೆಸುಗೆ ನೊರೆನೊರೆಯಾಗಿ ಕಾಣಿಸಿತು. ಸಣ್ಣ ಸಣ್ಣ ತೂತು. ಕೈ ತಪ್ಪಿತಾ ಅಂತ ಎದೆ ಧಸಕ್ಕೆಂದಿತು. ಹೆಲ್ಮೆಟ್ ಎತ್ತಿ ನೋಡಿದರೆ, ಸೆಕೆಗೆಂದು ಯಾರೋ ಹಿಂದೆ ದೊಡ್ಡ ಫ್ಯಾನ್ ತಿರುಗಿಸಿಟ್ಟಿದ್ದಾರೆ. ಬೆಸುಗೆಯನ್ನು ಕಾಯುವ ಆರ್ಗಾನ್ ಗಾಳಿಗೆ ಹಾರಿಹೋಗುತ್ತಿದೆ! ಕೇಳಿದರೆ ಜಗಳವಾದೀತೆಂದು ಮೂಲೆಯ ರಟ್ಟಿನ ಪೆಟ್ಟಿಗೆ ಹರಿದು ಅಡ್ಡ ಕಟ್ಟಿದೆ. ಹಾಳಾದ ಎರಡಿಂಚನ್ನು ಗ್ರೈಂಡರಿನಲ್ಲಿ ಕೆರೆದು ಮತ್ತೆ ಎಳೆದೆ. ವೆಲ್ಡಿಂಗ್ ಟಾರ್ಚಿನ ತುದಿಯಲ್ಲಿ ಬೀಗದ ಕಣ್ಣಿನಂಥ ಸಣ್ಣ ತೂತು ತೆರೆಯುತ್ತ, ತುಂಬುತ್ತ ಹೋಗುತ್ತದಲ್ಲ, ಅದು ಕಂಡರೆ ಸಾಕು, ಮತ್ತೆ ಕೈಗೆ ಏನೂ ಹೇಳಬೇಕಾಗಿಲ್ಲ.

ಕ್ಯಾಪಿಂಗ್, ಅಂದರೆ ಮೇಲಿನ ಕೊನೇ ಪದರ, ಮುಗಿದ ಮೇಲೆ ಮಲಯಾಳಿ ಇನ್‌ಸ್ಪೆಕ್ಟರ್ ಬಂದರು. ಪೈಪಿನೊಳಗೆ ಬ್ಯಾಟರಿ ಹಾಕಿ ಒಂದು ಸುತ್ತು ನೋಡಿದರು, ರಟ್ಟನ್ನೂ ನೋಡಿದರು. ‘ಇದು ಯಾಕೆ?’ ಎಂದರು. ಫ್ಯಾನಿನ ಕಡೆ ಕೈ ತೋರಿಸಿದೆ. ಎಷ್ಟು ಓದಿದ್ದೀ ಅಂತ ಕೇಳಲೇ ಇಲ್ಲ. ಮರುದಿನ ಎಕ್ಸ್‌ರೇ ಫಿಲ್ಮೂ ಕ್ಲೀನು. 

ಓದು ಕೇಳಿದ್ದು ಏಜೆಂಟನ ಆಫೀಸಿನಲ್ಲಿ. ಪಾಸ್‌ಪೋರ್ಟಿನ ಕೊನೇ ಪುಟ ತೆಗೆದ ಹುಡುಗ ಮುಖ ಸಿಂಡರಿಸಿದ. ಇಸಿಆರ್ ಆದರೆ ತಡವಾಗುತ್ತದಂತೆ. ಎಂಟು ಸಾವಿರ ಕೊಟ್ಟರೆ ಯಾವುದೋ ಬೋರ್ಡಿನ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡ್ ‘ವ್ಯವಸ್ಥೆ’ ಮಾಡಿಸುತ್ತಾನಂತೆ. ಸುಳ್ಳು ಹೇಳಲಾರೆ, ಆಸೆಯಾಯಿತು. ರಾತ್ರಿ ಮಾವನಿಗೆ ಹೇಳಿದರೆ, ‘ಜೈಲಿಗೆ ಹೋಪುದಾದ್ರೆ ಸೌದಿ ತನಕ ಎಂತಕ್ಕೆ ಮಾರಾಯ, ಇಲ್ಲೇ ಇಲ್ಯಾ?’ ಎಂದರು. ಇಸಿಆರ್ ಆಗಿಯೇ ಹೋಗುವುದೆಂದಾಯಿತು.

ಆ ಮೂರಕ್ಷರ ನನಗೆ ಎಂಥ ಉಪಕಾರ ಮಾಡಿತೆಂದು ಆಮೇಲೆ ತಿಳಿಯಿತು. ಕ್ಲಿಯರೆನ್ಸಿಗಾಗಿ ಕಂಪನಿಯವರು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನನ್ನ ಕೆಲಸ, ಸಂಬಳ ಎಲ್ಲ ತೋರಿಸಿ ಕರಾರು ಹಾಕಲೇಬೇಕಾಯಿತು. 275 ರೂಪಾಯಿಗೆ ಎರಡು ವರ್ಷದ ವಿಮೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ನನ್ನ ಜೊತೆ ಓದಿದವನೊಬ್ಬ ಪಿಯುಸಿ ಪಾಸು, ಯಾವ ತಪಾಸಣೆಯೂ ಇಲ್ಲ. ಏಜೆಂಟನ ಮಾತು ನಂಬಿ ವಿಸಿಟ್ ವೀಸಾದಲ್ಲಿ ದುಬೈಗೆ ಹೋದ. ಅಲ್ಲಿ ಕೆಲಸವೂ ಇರಲಿಲ್ಲ, ಫೋನೆತ್ತುವವರೂ ಇರಲಿಲ್ಲ. ಮೂರು ತಿಂಗಳಿಗೆ ಅಣ್ಣನಿಂದ ಸಾಲ ತರಿಸಿಕೊಂಡು ಟಿಕೆಟ್ ಮಾಡಿ ವಾಪಸಾದ.

ಹಾಗಂತ ನನ್ನನ್ನು ಯಾರೂ ಸುಲಿಯಲಿಲ್ಲ ಎಂದಲ್ಲ. ಏಜೆಂಟರು ಪಡೆಯಬಹುದಾದ ಶುಲ್ಕಕ್ಕೆ ಮಿತಿ 30,000, ಮೇಲೆ 18 ಶೇಕಡ ಜಿಎಸ್‌ಟಿ. ನಾನು ಕೊಟ್ಟದ್ದು 80,000. ರಸೀದಿ ಸಿಕ್ಕಿದ್ದು 35,400ಕ್ಕೆ. ಈ ಲೆಕ್ಕ ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು. ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿತ್ತು, ಬಾಯಿ ಮುಚ್ಚಿಕೊಂಡು ಕೊಟ್ಟೆ.

ವೀಸಾದಲ್ಲಿ ನನ್ನ ಕೆಲಸ ಅರಬಿಯಲ್ಲಿತ್ತು. ಓದಿ ಹೇಳಿದವರು ದಮ್ಮಾಮ್ ವಿಮಾನದಲ್ಲಿ ಪಕ್ಕ ಕೂತಿದ್ದ ಭಟ್ಕಳದ ಹಿರಿಯರು: ‘ಲಹ್ಹಾಮ್, ಅಂದರೆ ವೆಲ್ಡರ್. ಸರಿಯಾಗೇ ಉಂಟು.’ ಕೆಲವರಿಗೆ ಬೇರೇನೋ ಬರೆದಿರುತ್ತದಂತೆ, ಅದಕ್ಕೇ ನೋಡಿದರಂತೆ.

ಸೌದಿಯ ಜುಬೈಲಿನಲ್ಲಿ ನಾಲ್ಕು ವರ್ಷ ಕಳೆದು 2023ರಲ್ಲಿ ರಜೆಗೆ ಬಂದಾಗ ಪಾಸ್‌ಪೋರ್ಟಿನ ಹತ್ತು ವರ್ಷ ಮುಗಿಯುತ್ತಿತ್ತು. ಮೂರು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದವರಿಗೆ ಇಸಿಆರ್ ಬೇಕಾಗಿಲ್ಲ ಎಂಬ ನಿಯಮವುಂಟು. ಹೊಸ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂದ ದಿನ ಅಮ್ಮನಿಗೆ ಕೊನೇ ಪುಟ ತೋರಿಸಿದೆ, ಆ ಮೂರಕ್ಷರ ಹೋಯಿತು ನೋಡು ಅಂತ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಪುಟವನ್ನು ಬೆಳಕಿಗೆ ಹಿಡಿದು ನೋಡಿದಳು.

‘ಹಂಗಾರೆ ಲೆಕ್ಕ ಪಾಸಾಯ್ತಾ ಮಗಾ?’