ಸಂಪರ್ಕ ಕೊಟ್ಟ ದಿನ ಲಾಭ ಬರುವುದಿಲ್ಲ: ಕಲಬುರಗಿಯಲ್ಲಿ ರೀಚಾರ್ಜ್‌ನಿಂದ ಫೈಬರ್‌ವರೆಗೆ ನಾನು ಕಲಿತ ಲೆಕ್ಕ

2019ರ ಶ್ರಾವಣದಲ್ಲಿ ನಾನೂ ನನ್ನ ಪಾಲುದಾರರೂ ಸೇರಿ ಕಲಬುರಗಿಯ ಸೇಡಂ ರಸ್ತೆಯ ಬಡಾವಣೆಗಳಲ್ಲಿ ಒಂದೇ ತಿಂಗಳಿನಲ್ಲಿ 140 ಮನೆಗಳಿಗೆ ಫೈಬರ್ ಸಂಪರ್ಕ ಕೊಟ್ಟೆವು. ಅಳವಡಿಕೆಗೆ ಶುಲ್ಕವಿಲ್ಲ, ಮೋಡೆಮ್‌ಗೆ ಡಿಪಾಜಿಟ್ ಇಲ್ಲ, ಮೊದಲ ತಿಂಗಳ ಬಿಲ್ಲೂ ಇಲ್ಲ ಎಂದು ಕರಪತ್ರ ಹಂಚಿದ್ದೆವು. ಆ ತಿಂಗಳ ಕೊನೆಯಲ್ಲಿ ನಮಗೆ ನೆಟ್ ಒದಗಿಸುವ ಕಂಪನಿಯವರು ನಮ್ಮನ್ನು ಹೊಗಳಿ ಮಾತನಾಡಿದರು, ನಾವೂ ಹಿಗ್ಗಿದೆವು. ಮುಂದಿನ ಸಂಕ್ರಾಂತಿಯ ಹೊತ್ತಿಗೆ ಆ 140ರಲ್ಲಿ 52 ಮನೆಯವರು ಬಿಟ್ಟುಹೋಗಿದ್ದರು, 31 ಮೋಡೆಮ್‌ಗಳು ನಮಗೆ ಮರಳಿ ಸಿಗಲೇ ಇಲ್ಲ.

ನಮ್ಮ ವಹಿಯ ಪ್ರಕಾರ ಒಂದು ಸಂಪರ್ಕಕ್ಕೆ 2,200 ರೂಪಾಯಿ ಖರ್ಚಾಗುತ್ತಿತ್ತು. ಮೋಡೆಮ್‌ಗೆ 1,300, ಕಂಬದಿಂದ ಮನೆಯವರೆಗೆ ಎಳೆಯುವ ಡ್ರಾಪ್ ಕೇಬಲ್, ಕನೆಕ್ಟರ್ ಮತ್ತು ಕೂಲಿಗೆ 900. ಮರಳದ ಮೋಡೆಮ್‌ಗಳಿಂದ 40,300, ವ್ಯರ್ಥವಾದ ಕೇಬಲ್ ಮತ್ತು ಕೂಲಿಯಿಂದ 46,800, ಒಟ್ಟು 87,100 ರೂಪಾಯಿ ಕೈಬಿಟ್ಟಿತ್ತು. ಆ 52 ಮನೆಗಳವರು ತಲಾ ನಾಲ್ಕು ತಿಂಗಳು ಹಣ ಕಟ್ಟಿದರೆಂದು ಹಿಡಿದರೂ, ಖರ್ಚು ಕಳೆದು ಮನೆಗೆ ತಿಂಗಳಿಗೆ 110ರಂತೆ ನಮಗೆ ಉಳಿದದ್ದು 22,880. ಹೊಸ ಗ್ರಾಹಕರನ್ನು ತಂದಷ್ಟೂ ದುಡ್ಡು ಬರುತ್ತದೆ ಎಂದು ನಂಬಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕಿಂತ ಹೆಚ್ಚು ನೋಯಿಸಿದ್ದು, ಹನ್ನೆರಡು ವರ್ಷ ಮೊಬೈಲ್ ಉದ್ಯಮದಲ್ಲಿ ದುಡಿದು ಈ ಲೆಕ್ಕವನ್ನು ನಾನು ಕಣ್ಣಾರೆ ಕಂಡಿದ್ದರೂ ಅರ್ಥಮಾಡಿಕೊಂಡಿರಲಿಲ್ಲ ಎಂಬ ಸಂಗತಿ.

2007ರಿಂದ 2019ರ ಆರಂಭದವರೆಗೆ ನಾನು ಮೊಬೈಲ್ ಕಂಪನಿಯೊಂದರ ವಿತರಕರ ಬಳಿ ಎಫ್‌ಒಎಸ್, ಅಂದರೆ ಅಂಗಡಿಯಿಂದ ಅಂಗಡಿಗೆ ಓಡಾಡುವ ಮಾರಾಟದ ಹುಡುಗ, ಆಗಿದ್ದೆ. ಬೆಳಿಗ್ಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಆಫೀಸಿನಲ್ಲಿ ಸಿಮ್, ಕೂಪನ್ ಎಣಿಸಿಕೊಂಡು ಬೈಕಿನಲ್ಲಿ ಆಳಂದ ರಸ್ತೆಯ ಊರುಗಳ ಕಿರಾಣಿ ಅಂಗಡಿ, ಪಾನ್ ಅಂಗಡಿಗಳಿಗೆ ಹೋಗುವುದು, ಅವರ ಟಾಪ್‌ಅಪ್ ಬ್ಯಾಲೆನ್ಸ್ ತುಂಬಿಸುವುದು, ಸಂಜೆ ವಸೂಲಿಯನ್ನು ಒಪ್ಪಿಸುವುದು ನನ್ನ ಕೆಲಸವಾಗಿತ್ತು. ಅಂಗಡಿಯವರಿಗೆ ನೂರಕ್ಕೆ ಮೂರು ರೂಪಾಯಿಯ ಆಸುಪಾಸು ಕಮಿಷನ್ ಸಿಗುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ, ಹತ್ತು ರೂಪಾಯಿ ಹಾಕಿದರೆ 7 ರೂಪಾಯಿ 47 ಪೈಸೆ ಮಾತ್ರ ಬರುವುದೇಕೆ ಎಂದು ಜನ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುತ್ತಿದ್ದರು. ಶೇ 18 ಜಿಎಸ್‌ಟಿ ಕಳೆದರೆ ಹತ್ತು ರೂಪಾಯಿಯಲ್ಲಿ ಉಳಿಯುವುದು 8 ರೂಪಾಯಿ 47 ಪೈಸೆ, ಅದರಲ್ಲಿ ಒಂದು ರೂಪಾಯಿ ಸಂಸ್ಕರಣಾ ಶುಲ್ಕ. ಇಷ್ಟನ್ನು ಬಿಡಿಸಿ ಹೇಳಿದರೆ ಜಗಳ ನಿಲ್ಲುತ್ತಿತ್ತು. ಆದರೆ ಹಾಗೆ ಹೇಳಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಆ ದಿನಗಳ ಒಂದು ಮಾತು ನನಗೆ ಇಂದಿಗೂ ಮರೆತಿಲ್ಲ. 2018ರ ಕೊನೆಯಲ್ಲಿ ದೊಡ್ಡ ಕಂಪನಿಗಳು, ಕನಿಷ್ಠ 35 ರೂಪಾಯಿಯ ರೀಚಾರ್ಜ್ ಮಾಡದಿದ್ದರೆ ಮೊದಲು ಹೊರಹೋಗುವ ಕರೆ, ಆಮೇಲೆ ಒಳಬರುವ ಕರೆಯೂ ನಿಲ್ಲುತ್ತದೆ ಎಂದು ಸಾರಿದವು. ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಗುಂಡಿ ಫೋನನ್ನು ನನ್ನ ಮುಂದೆ ಹಿಡಿದು ಕೇಳಿದರು: “ತಮ್ಮಾ, ನಾ ಯಾರಿಗೂ ಫೋನ್ ಹಚ್ಚಂಗಿಲ್ಲ. ನನ್ನ ಮಗ ಮುಂಬೈದಾಗಿಂದ ಹಚ್ತಾನ. ಅವ ರೊಕ್ಕ ಹಾಕ್ಯಾನಲ್ಲ, ಮತ್ತ ನಾ ಯಾಕ ಹಾಕಬೇಕು?” ನನ್ನ ಬಳಿ ಉತ್ತರವಿರಲಿಲ್ಲ. ಕಂಪನಿಯ ನಿಯಮ ಬದಲಾಗಿದೆ ಯವ್ವಾ ಎಂದಷ್ಟೇ ಹೇಳಿ ಬೈಕ್ ಹತ್ತಿದೆ.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರವೂ ಇತ್ತು. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕರೆ ಮಾಡಿದಾಗ, ಕರೆ ಹೊರಟ ಕಡೆಯ ಕಂಪನಿಯು ಕರೆ ತಲುಪಿದ ಕಡೆಯ ಕಂಪನಿಗೆ ನಿಮಿಷಕ್ಕೆ ಇಷ್ಟು ಎಂದು ಕೊಡಬೇಕಾಗಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಗದಿಪಡಿಸಿದ ಈ ದರ 2009ರಿಂದ 20 ಪೈಸೆ, 2015ರಿಂದ 14 ಪೈಸೆ ಇತ್ತು. 2017ರ ಅಕ್ಟೋಬರ್ 1ರಂದು ಅದು 6 ಪೈಸೆಗೆ ಇಳಿಯಿತು, 2021ರ ಜನವರಿ 1ರಿಂದ ಪೂರ್ತಿ ಇಲ್ಲವಾಯಿತು. 20 ಪೈಸೆ ಇದ್ದ ಕಾಲದಲ್ಲಿ, ಬೇರೆ ಕಂಪನಿಯ ಸಿಮ್ ಹೊಂದಿದ ಮಗನು ಮುಂಬೈಯಿಂದ ತಾಯಿಯೊಡನೆ ಅರ್ಧ ಗಂಟೆ ಮಾತನಾಡಿದರೆ, ಒಂದು ಪೈಸೆಯ ರೀಚಾರ್ಜ್ ಮಾಡದಿದ್ದರೂ ತಾಯಿಯ ಸಿಮ್ ತನ್ನ ಕಂಪನಿಗೆ ಆರು ರೂಪಾಯಿ ತಂದುಕೊಡುತ್ತಿತ್ತು. 2005ರ ಕೊನೆಯಲ್ಲಿ 999 ರೂಪಾಯಿಗೆ ಜೀವಮಾನದ ವ್ಯಾಲಿಡಿಟಿ ಕೊಡಲು ಕಂಪನಿಗಳು ಮುಂದಾದದ್ದೂ ಇಂಥ ಆದಾಯದ ಭರವಸೆಯಿಂದಲೇ ಎಂದು ಈಗ ನನಗನಿಸುತ್ತದೆ. ದರ 6 ಪೈಸೆಗೆ ಇಳಿದ ಮೇಲೆ, ಅಷ್ಟರಲ್ಲಾಗಲೇ ಎರಡು ಸಿಮ್ಮಿನ ಫೋನ್ ಬಂದು ಒಂದನ್ನು ಬರೀ ಒಳಕರೆಗೆಂದು ಇಟ್ಟುಕೊಳ್ಳುವುದು ರೂಢಿಯಾದ ಮೇಲೆ, ಸುಮ್ಮನಿರುವ ಸಿಮ್ ಕಂಪನಿಗೆ ಭಾರವಾಯಿತು. ಕಲಬುರಗಿ, ಬೀದರ್, ಯಾದಗಿರಿಯಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರ ಮನೆಗಳಲ್ಲಿ ಆ ಭಾರ ಯಾರ ಹೆಗಲಿಗೆ ಬಿತ್ತು ಎಂಬುದನ್ನು ನಾನು ದಿನವೂ ನೋಡಿದ್ದೇನೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರ್ ಎಂಬ ಸೇವೆಗಳನ್ನು ಗ್ರಾಹಕರು ಕೇಳದಿದ್ದರೂ ಶುರುಮಾಡಿ ತಿಂಗಳಿಗೆ 30 ರೂಪಾಯಿ ಕತ್ತರಿಸುವ ಪದ್ಧತಿ ಒಂದು ಕಾಲದಲ್ಲಿ ನಡೆದಿತ್ತು. ನಾವು ಅದನ್ನು ಕಂಡೂ ಸುಮ್ಮನಿದ್ದೆವು, ಏಕೆಂದರೆ ಆ ತಿಂಗಳ ಅಂಕಿಗಳು ಚೆನ್ನಾಗಿ ಕಾಣುತ್ತಿದ್ದವು. 2011ರ ಜನವರಿಯಲ್ಲಿ ದೇಶದೆಲ್ಲೆಡೆ ನಂಬರ್ ಬದಲಿಸದೆ ಕಂಪನಿ ಬದಲಿಸುವ ಅವಕಾಶ ಬಂದಾಗ, ತೊಗರಿ ಮಾರಿ ಬಂದಿದ್ದ ರೈತರೊಬ್ಬರು ಅಂಗಡಿಯಲ್ಲಿ ನನ್ನ ಎದುರಿಗೇ ಕಂಪನಿ ಬದಲಿಸಲೆಂದು 1900ಕ್ಕೆ ಸಂದೇಶ ಕಳಿಸಿದರು. ಅವರ ಹಿಂದೆ ಅವರ ಮನೆಯ ಇನ್ನೂ ನಾಲ್ಕು ನಂಬರುಗಳು ಹೋದವು. ಸೇವೆ ಶುರುಮಾಡುವ ಮೊದಲು ಗ್ರಾಹಕರ ಒಪ್ಪಿಗೆಯನ್ನು ಎರಡು ಬಾರಿ ಪಡೆಯಬೇಕೆಂದು 2013ರಲ್ಲಿ ಟ್ರಾಯ್ ಆದೇಶಿಸಿತು. ಹೋದ ಆ ಐದು ನಂಬರುಗಳು ಮಾತ್ರ ನಮಗೆ ತಿರುಗಿ ಬರಲಿಲ್ಲ.

ಈಗಿನ ಪ್ಯಾಕ್‌ಗಳ ವಿಷಯಕ್ಕೆ ಬರುತ್ತೇನೆ. 2024ರ ಜುಲೈ ಮೊದಲ ವಾರದಲ್ಲಿ ದರ ಏರಿದಾಗ ಜಿಯೊದ 239 ರೂಪಾಯಿಯ ಪ್ಯಾಕ್ 299 ಆಯಿತು. ಈ 299ರಲ್ಲಿ ಸುಮಾರು 45 ರೂಪಾಯಿ 60 ಪೈಸೆ ಜಿಎಸ್‌ಟಿ. ಉಳಿದ ಸುಮಾರು 253 ರೂಪಾಯಿಯಲ್ಲಿ ಶೇ 8 ಲೈಸೆನ್ಸ್ ಶುಲ್ಕವೆಂದರೆ ಇಪ್ಪತ್ತು ರೂಪಾಯಿ ಸರ್ಕಾರಕ್ಕೆ, ಕಮಿಷನ್ ಅಂಗಡಿಗೆ ಅಥವಾ ಆ್ಯಪ್‌ಗೆ. ಆಮೇಲೆ ಟವರ್ ಬಾಡಿಗೆ, ಬೇಸಿಗೆಯಲ್ಲಿ ಕರೆಂಟ್ ಹೋದಾಗ ಉರಿಯುವ ಡೀಸೆಲ್, ಬ್ಯಾಟರಿ, ತರಂಗಾಂತರದ ಕಂತು, ಸಾಲದ ಬಡ್ಡಿ. 2022ರ 5ಜಿ ತರಂಗಾಂತರದ ಹರಾಜು ಒಂದೂವರೆ ಲಕ್ಷ ಕೋಟಿ ರೂಪಾಯಿಗೆ ಮುಗಿಯಿತು, ಅದನ್ನು 20 ವಾರ್ಷಿಕ ಕಂತುಗಳಲ್ಲಿ ಕಟ್ಟಲು ಅವಕಾಶವಿದೆ. ಟವರ್ ನಿಲ್ಲಿಸಿ ತರಂಗಾಂತರ ಕೊಂಡಾದ ಮೇಲೆ, ಅದರಡಿ ಸಾವಿರ ಜನರಿದ್ದರೂ ಸಾವಿರದ ಇನ್ನೂರು ಜನರಿದ್ದರೂ ಖರ್ಚು ಹೆಚ್ಚುಕಡಿಮೆ ಅಷ್ಟೇ. ಆ ಇನ್ನೂರರಿಂದ ಬರುವುದರ ಬಹುಪಾಲು ಉಳಿತಾಯವೇ. ಆದ್ದರಿಂದಲೇ ಎರಡು ಕಂಪನಿಗಳು ಒಂದೇ ಟವರ್‌ನಲ್ಲಿ ಬಾಡಿಗೆಗಿರುತ್ತವೆ, ಆದ್ದರಿಂದಲೇ ಪ್ರತಿ ಗ್ರಾಹಕರಿಂದ ತಿಂಗಳಿಗೆ ಸರಾಸರಿ ಎಷ್ಟು ಬಂತು ಎಂಬ ಒಂದು ಅಂಕಿಯನ್ನೇ ಎಲ್ಲರೂ ಹಿಡಿದು ನೋಡುತ್ತಾರೆ. 28 ದಿನದ ಪ್ಯಾಕ್ ಹುಟ್ಟಿದ್ದೂ ಇದೇ ಲೆಕ್ಕದಿಂದ: ವರ್ಷಕ್ಕೆ 12ರ ಬದಲು 13 ರೀಚಾರ್ಜ್. 30 ದಿನದ ಪ್ಯಾಕ್ ಒಂದಾದರೂ ಇರಬೇಕೆಂದು 2022ರಲ್ಲಿ ನಿಯಮವಾಯಿತು. ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿತು. ಆ ಸುದ್ದಿ ಓದಿದಾಗ ನನಗೆ ಆಳಂದದ ಕಟ್ಟೆಯ ಮೇಲಿನ ಆ ತಾಯಿಯೇ ನೆನಪಾದರು.

ಇನ್ನು ಫೈಬರ್. ನಾವು ಮನೆಗೆ ತಿಂಗಳಿಗೆ 500 ರೂಪಾಯಿಯ ಪ್ಯಾಕ್ ಕೊಡುತ್ತೇವೆ, ಜಿಎಸ್‌ಟಿ ಸೇರಿ 590. 500ರಲ್ಲಿ ಅರ್ಧ ನಮಗೆ ನೆಟ್ ಒದಗಿಸುವ ಕಂಪನಿಗೆ, ಅರ್ಧ ನಮಗೆ. ನಮ್ಮ 250ರಲ್ಲಿ ಲೈನ್‌ಮನ್‌ಗಳ ಸಂಬಳ, ಆಫೀಸ್ ಬಾಡಿಗೆ, ಕರೆಂಟ್, ಜೆಸಿಬಿ ಕಡಿದುಹಾಕಿದ ಕೇಬಲ್ಲಿನ ಜೋಡಣೆ ಎಲ್ಲ ಕಳೆದು 110 ರೂಪಾಯಿ ಉಳಿಯುತ್ತದೆ. ಹಾಕಿದ 2,200 ಮರಳಲು 20 ತಿಂಗಳು ಬೇಕು. ನಮ್ಮ ನಿಜವಾದ ಸಂಪಾದನೆ 21ನೇ ತಿಂಗಳಿನಿಂದ ಮಾತ್ರ ಶುರುವಾಗುತ್ತದೆ. ಕಂಪನಿಯ ಕಡೆಯಲ್ಲಿಯೂ, ಟವರ್‌ನಂತೆಯೇ, ಒಂದೇ ವ್ಯವಸ್ಥೆಯನ್ನು ಹಲವರಿಗೆ ಹಂಚುವ ಲೆಕ್ಕವಿದೆ. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ತಂತ್ರದಲ್ಲಿ, ಫೈಬರ್ ಹೊರಡುವ ಮೂಲ ಪೆಟ್ಟಿಗೆಯಾದ ಒಎಲ್‌ಟಿಯ ಒಂದು ಪೋರ್ಟಿನಿಂದ ಮನೆಗಳ ಕಡೆಗೆ ಸೆಕೆಂಡಿಗೆ ಎರಡೂವರೆ ಗಿಗಾಬಿಟ್ ಹರಿಯುತ್ತದೆ, ಅದನ್ನು ಸ್ಪ್ಲಿಟರ್ ಮೂಲಕ 64 ಮನೆಗಳವರೆಗೆ ಹಂಚಬಹುದು. 64 ಮನೆಗಳಿಗೂ 100 ಎಂಬಿಪಿಎಸ್ ಮಾರಿದರೆ ಮಾರಿದ್ದು 6.4 ಗಿಗಾಬಿಟ್, ಇರುವುದು ಎರಡೂವರೆ. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಬಳಸುವುದಿಲ್ಲವಾದ್ದರಿಂದ ಇದು ಮೋಸವಲ್ಲ. ಆದರೆ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮನೆಮನೆಯಲ್ಲಿ ಟಿವಿ, ಫೋನು ಎಲ್ಲ ಹಚ್ಚಿದಾಗಲೂ ವೇಗ ಬೀಳದಂತೆ, ಹೊರಗಿನ ಇಂಟರ್ನೆಟ್ಟಿಗೆ ಜೋಡಿಸುವ ಬ್ಯಾಂಡ್‌ವಿಡ್ತನ್ನು ಸಾಕಷ್ಟು ಕೊಳ್ಳಲೇಬೇಕು. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನ ಹೆಚ್ಚು ನೋಡುವ ವಿಡಿಯೊಗಳ ಪ್ರತಿಯನ್ನು ಕ್ಯಾಶ್ ಸರ್ವರ್‌ಗಳಲ್ಲಿ ಹತ್ತಿರದಲ್ಲೇ ಇಟ್ಟುಕೊಂಡರೆ ಆ ಖರ್ಚು ತಗ್ಗುತ್ತದೆ. ಅಲ್ಲಿ ಜಿಪುಣತನ ಮಾಡಿದ ಕಂಪನಿ ಹಗಲು ಚೆನ್ನಾಗಿ ನಡೆದು ರಾತ್ರಿ ಗ್ರಾಹಕರನ್ನು ಕಳೆದುಕೊಳ್ಳುತ್ತದೆ.

ನಮ್ಮನ್ನು ಬಿಟ್ಟ 52 ಮನೆಗಳಿಗೂ ನಾನೇ ಹೋಗಿ ಕಾರಣ ಕೇಳಿದೆ. ದರದ ಮಾತೆತ್ತಿದವರು ಕೆಲವರೇ. ನಿವೃತ್ತ ಶಿಕ್ಷಕರೊಬ್ಬರು ನನ್ನನ್ನು ಒಳಗೆ ಕರೆದು ಕೂರಿಸಿ ಹೇಳಿದರು: “ಮೂರು ಸಲ ಕಂಪ್ಲೇಂಟ್ ಕೊಟ್ಟೀನ್ರಿ. ನಾಳೆ ಬರ್ತೀವಿ ಅಂದ್ರು, ಯಾರೂ ಬರಲಿಲ್ಲ. ಬಿಲ್ ಕಟ್ರಿ ಅಂತ ಮಾತ್ರ ದಿನಾ ಫೋನ್ ಬರ್ತಿತ್ತು.” ಅವರ ಮನೆಯಲ್ಲಿ ಆಗಲೂ ನಮ್ಮ ಕೇಬಲ್ ಕಿಟಕಿಯ ಬಳಿ ಜೋತಾಡುತ್ತಿತ್ತು. ಕೇಬಲ್ಲಿನಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಚ್ಚಿದೆ: ಮೈನಸ್ 29 ಡಿಬಿಎಂ. ಮೋಡೆಮ್‌ಗೆ ಮೈನಸ್ 27ಕ್ಕಿಂತ ಕೆಳಗಿಳಿದ ಬೆಳಕು ಸಾಲುವುದಿಲ್ಲ. ಕಿಟಕಿಯ ಚೌಕಟ್ಟಿನ ಹಿಂದೆ ಕೈಹಾಕಿ ನೋಡಿದರೆ, ನಮ್ಮ ಹುಡುಗರು ಅವಸರದಲ್ಲಿ ಕೇಬಲ್ಲನ್ನು ಒಂದು ಮೊಳೆಗೆ ಸುತ್ತಿ ಚೂಪಾಗಿ ಮಡಚಿದ್ದರು. ಮಡಿಕೆಯಿದ್ದಲ್ಲಿ ಬೆಳಕು ಸೋರಿಹೋಗುತ್ತಿತ್ತು. ಅದನ್ನು ಬಿಡಿಸಿ, ತುದಿ ಕತ್ತರಿಸಿ, ಸ್ಪಿರಿಟ್‌ನಿಂದ ಒರೆಸಿ ಹೊಸ ಕನೆಕ್ಟರ್ ಹಾಕಿದಾಗ ಮೀಟರ್ ಮೈನಸ್ 21 ತೋರಿಸಿತು. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಅವರು ಬೇರೆಯವರ ಸಂಪರ್ಕ ತೆಗೆದುಕೊಂಡಾಗಿತ್ತು. ಒಂದು ತಿಂಗಳಿನಲ್ಲಿ 140 ಮನೆ ಮುಗಿಸುವ ಆತುರದಲ್ಲಿ ನಾವು ಎಷ್ಟು ಮೊಳೆಗಳಿಗೆ ಎಷ್ಟು ಕೇಬಲ್ ಸುತ್ತಿದ್ದೆವೋ ಎಂದು ನಾಚಿಕೆಯಾಯಿತು.

ಆ ಮೇಲೆ ನಮ್ಮ ಪದ್ಧತಿ ಬದಲಾಯಿತು. ಮೋಡೆಮ್‌ಗೆ 1,000 ರೂಪಾಯಿ ಡಿಪಾಜಿಟ್ ಪಡೆದು ರಸೀದಿ ಕೊಡುತ್ತೇವೆ, ಬಿಡುವವರಿಗೆ ಅದೇ ದಿನ ಮರಳಿಸುತ್ತೇವೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಹೊಸ ಸಂಪರ್ಕ ಮಾಡುವುದಿಲ್ಲ. ಅಳವಡಿಸಿದ ದಿನದ ಮೀಟರ್ ಅಂಕಿಯನ್ನು ಗ್ರಾಹಕರ ಹೆಸರಿನ ಮುಂದೆ ಬರೆಯುತ್ತೇವೆ. ಲೈನ್‌ಮನ್‌ಗಳಿಗೆ ಹೊಸ ಸಂಪರ್ಕದ ಮೇಲೆ ಕೊಡುತ್ತಿದ್ದ ಬಕ್ಷೀಸನ್ನು ನಿಲ್ಲಿಸಿ, ತಮ್ಮ ಬಡಾವಣೆಯಲ್ಲಿ ಮೂರು ತಿಂಗಳು ಯಾರೂ ಬಿಡದಿದ್ದರೆ ಕೊಡುವಂತೆ ಮಾಡಿದೆವು. ಮೊದಮೊದಲು ಅವರು ಗೊಣಗಿದರು. ಈಗ ಮಳೆ ಬಂದ ಮರುದಿನ ಯಾರೂ ಹೇಳದಿದ್ದರೂ ಕಂಬದ ಮೇಲಿನ ಜಾಯಿಂಟ್ ಬಾಕ್ಸ್ ತೆರೆದು ನೋಡಿ ಬರುತ್ತಾರೆ.

ಈ ತಿಂಗಳು ಫರಹತಾಬಾದಿನ ಕೆಲವರು ಬಂದು ತಮ್ಮೂರಿಗೂ ಲೈನ್ ಎಳೆಯಿರೆಂದು ಕೇಳಿದ್ದಾರೆ. ಜೇವರ್ಗಿ ರಸ್ತೆಯುದ್ದಕ್ಕೂ ಕೇಬಲ್ಲು, ಕಂಬ, ಊರಲ್ಲೊಂದು ಸಣ್ಣ ಒಎಲ್‌ಟಿ, ಅದಕ್ಕೊಂದು ಇನ್ವರ್ಟರ್ ಎಂದು ಪಾಲುದಾರರು ಖರ್ಚಿನ ಪಟ್ಟಿ ಮಾಡಿಟ್ಟಿದ್ದಾರೆ. ಎಷ್ಟು ಮನೆಗಳು ಸಂಪರ್ಕ ಪಡೆಯುತ್ತವೆ ಎಂದು ಅವರು ಬರೆದ ಅಂಕಣದ ಪಕ್ಕದಲ್ಲಿ ನಾನು ಇನ್ನೊಂದು ಅಂಕಣ ಎಳೆದು, ಆ ಊರಿನಲ್ಲೇ ಇದ್ದುಕೊಂಡು ಕೆಲಸ ನೋಡಬಲ್ಲ ಲೈನ್‌ಮನ್ ಯಾರು ಎಂದು ಬರೆದಿದ್ದೇನೆ. ಆ ಅಂಕಣ ತುಂಬುವವರೆಗೆ ಕೇಬಲ್ಲಿಗೆ ಆರ್ಡರ್ ಹಾಕುವುದಿಲ್ಲ.